ಬೆಟ್ಟದ ಬಿಸಿನೀರ ಮನೆಯಲ್ಲಿ ಒಂದು ರಾತ್ರಿ: ಜಪಾನಿನ ನ್ಯೂತೊ ಒನ್‌ಸೆನ್‌ಗೆ ಹೊರಟವರಿಗೆ

ಜಪಾನಿಗೆ ಹೊರಟವರು ನನ್ನನ್ನು ಮೊದಲು ಕೇಳುವುದು ಬುಲೆಟ್ ಟ್ರೈನಿನ ಟಿಕೆಟ್ಟಿನ ಬಗ್ಗೆ. ಆಮೇಲೆ ಊಟದ ಬಗ್ಗೆ. ಮೂರನೆಯದನ್ನು ದನಿ ತಗ್ಗಿಸಿ ಕೇಳುತ್ತಾರೆ: ‘ಬಿಸಿನೀರಿನ ಬುಗ್ಗೆಗೆ ಮೈಮೇಲೆ ಏನೂ ಇಲ್ಲದೆ ಇಳಿಯಬೇಕಂತೆ, ಹೌದಾ?’ ಹೌದು. ಆ ಮಾತಿಗೆ ಬರುತ್ತೇನೆ. ಮೊದಲು ಆ ಜಾಗ ಎಂಥದು, ಅಲ್ಲಿ ತಂಗುವುದೆಂದರೆ ಏನು ಎಂಬುದು ತಿಳಿಯಲಿ. ಅರ್ಧ ಸಂಕೋಚ ಅಲ್ಲೇ ಇಳಿಯುತ್ತದೆ.

ಒನ್‌ಸೆನ್ ಎಂದರೆ ನೆಲದೊಳಗಿಂದ ಬರುವ ಬಿಸಿನೀರು. ಯಾವುದನ್ನು ಒನ್‌ಸೆನ್ ಎಂದು ಕರೆಯಬಹುದು ಎನ್ನುವುದಕ್ಕೆ ಜಪಾನಿನಲ್ಲಿ 1948ರ ಕಾನೂನೇ ಇದೆ. ನೀರು ಹೊರಬರುವಾಗ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಬಿಸಿ ಇರಬೇಕು. ಇಲ್ಲವೇ ಕಾನೂನು ಹೆಸರಿಸಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. ರಿಯೊಕಾನ್ ಎಂದರೆ ಹಳೆಯ ಪದ್ಧತಿಯ ವಸತಿಗೃಹ. ನೆಲಕ್ಕೆ ತತಾಮಿ, ಅಂದರೆ ಹುಲ್ಲಿನ ದಪ್ಪ ಚಾಪೆ. ಮಲಗಲು ಫುತೊನ್, ಅಂದರೆ ನೆಲದ ಹಾಸಿಗೆ. ಒನ್‌ಸೆನ್, ರಿಯೊಕಾನ್ ಎರಡೂ ಒಂದೇ ಸೂರಿನಡಿ ಸಿಗುವ ಮನೆಗಳು ಜಪಾನಿನ ತುಂಬ ಇವೆ. ನಮ್ಮಲ್ಲಿ ಪುತ್ತೂರು ಬಳಿಯ ಇರ್ದೆಯಲ್ಲಿ ಬೆಂದ್ರು ತೀರ್ಥ ಎಂಬ ಬಿಸಿನೀರಿನ ಬುಗ್ಗೆ ಉಂಟಲ್ಲ, ಅದನ್ನು ನೋಡಿದವರು ಅಂಥದ್ದೇ ನೀರಿನ ಸುತ್ತ ಒಂದು ಊರೇ ಬದುಕುವುದನ್ನು ಊಹಿಸಿಕೊಳ್ಳಿ.

ಎಲ್ಲ ಕಡೆಯದನ್ನೂ ಹೇಳಹೊರಟರೆ ಮಾತು ಚದುರುತ್ತದೆ. ಒಂದೇ ಜಾಗ ಹಿಡಿಯುತ್ತೇನೆ. ಜಪಾನಿನ ಮುಖ್ಯ ದ್ವೀಪದ ಉತ್ತರ ಭಾಗದಲ್ಲಿ ಅಕಿತಾ ಪ್ರಾಂತ್ಯ. ಅಲ್ಲಿಯ ಸೆನ್‌ಬೊಕು ಎಂಬ ಊರಿನ ವ್ಯಾಪ್ತಿಯಲ್ಲಿ 1,478 ಮೀಟರ್ ಎತ್ತರದ ನ್ಯೂತೊ ಬೆಟ್ಟ. ನ್ಯೂತೊ ಎಂದರೆ ಮೊಲೆತೊಟ್ಟು. ಬೆಟ್ಟದ ಆಕಾರ ನೋಡಿ ಇಟ್ಟ ಹೆಸರು. ಅದರ ಬುಡದ ಕಾಡಿನಲ್ಲಿ ಏಳು ಮನೆಗಳು ಚದುರಿಕೊಂಡಿವೆ: ತ್ಸುರುನೊಯು, ತಾಯೆನೊಯು, ಕುರೊಯು, ಗನಿಬಾ, ಮಾಗೊರೊಕು, ಓಗಾಮಾ, ಕ್ಯೂಕಾಮುರಾ. ಇವೆಲ್ಲ ಸೇರಿ ನ್ಯೂತೊ ಒನ್‌ಸೆನ್. ಓಗಾಮಾ ಹಳೆಯ ಮರದ ಶಾಲೆಯ ಕಟ್ಟಡವನ್ನು ತಂದು ನಿಲ್ಲಿಸಿದ್ದು. ಕ್ಯೂಕಾಮುರಾ ಹೊಸ ಕಾಲದ ಹೋಟೆಲಿನಂತೆ. ತ್ಸುರುನೊಯು ಎಲ್ಲಕ್ಕಿಂತ ಹಳೆಯದು. 1638ರಲ್ಲಿ ಅಕಿತಾದ ದೊರೆ ಸತಾಕೆ ಯೊಶಿತಾಕ ಚಿಕಿತ್ಸೆಯ ಸ್ನಾನಕ್ಕೆ ಇಲ್ಲಿಗೆ ಬಂದಿದ್ದ ಎನ್ನುತ್ತದೆ ಇತಿಹಾಸ. ಅವನ ಕಾವಲಿನವರು ತಂಗುತ್ತಿದ್ದ ಹುಲ್ಲುಮಾಡಿನ ಉದ್ದನೆ ಸಾಲುಮನೆಗೆ ಹೊಂಜಿನ್ ಎಂದು ಹೆಸರು. ಇವತ್ತಿಗೂ ಅಲ್ಲಿ ಅತಿಥಿಗಳನ್ನು ಮಲಗಿಸುತ್ತಾರೆ. ತ್ಸುರುನೊಯು ಎಂಬ ಹೆಸರಿಗೂ ಒಂದು ಕತೆಯಿದೆ: ಗಾಯಗೊಂಡ ಕೊಕ್ಕರೆಯೊಂದು ಈ ನೀರಲ್ಲಿ ನಿಂತು ಗಾಯ ಮಾಯಿಸಿಕೊಳ್ಳುವುದನ್ನು ಬೇಟೆಗಾರ ಕಂಡನಂತೆ. ತ್ಸುರು ಎಂದರೆ ಆ ಜಾತಿಯ ಕೊಕ್ಕರೆ, ಯು ಎಂದರೆ ಬಿಸಿನೀರು.

ನೀರಿಗೆ ಆ ಬಿಸಿ ಎಲ್ಲಿಂದ? ಪಕ್ಕದಲ್ಲೇ ಅಕಿತಾ ಕೊಮಗಾತಾಕೆ ಎಂಬ ಜ್ವಾಲಾಮುಖಿ ಇದೆ. ಕೊನೆಯ ಸಲ ಅದು ಉಗುಳಿದ್ದು 1970-71ರಲ್ಲಿ. ಮಳೆಯ ನೀರು, ಕರಗಿದ ಹಿಮದ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಕಾದ ಬಂಡೆಗಳನ್ನು ಸವರಿಕೊಂಡು, ಗಂಧಕ ಮತ್ತು ಖನಿಜಗಳನ್ನು ಹೊತ್ತು ಮೇಲೆ ಬರುತ್ತದೆ. ತ್ಸುರುನೊಯುವಿನ ಹೊರಾಂಗಣದ ಕೊಳ ಹಾಲಿನಂತೆ ಬೆಳ್ಳಗಿದೆ. ನೀರಿಗೆ ಏನನ್ನೂ ಬೆರೆಸಿಲ್ಲ. ಅದರಲ್ಲಿ ಕರಗಿರುವ ಹೈಡ್ರೋಜನ್ ಸಲ್ಫೈಡ್, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಗಾಳಿ ತಾಗಿದೊಡನೆ ಸಣ್ಣ ಗಂಧಕದ ಕಣಗಳಾಗುತ್ತದೆ. ಆ ಕಣಗಳು ಬೆಳಕನ್ನು ಚದುರಿಸಿ ನೀರನ್ನು ಬಿಳಿಯಾಗಿ ಕಾಣಿಸುತ್ತವೆ. ಇನ್ನೊಂದು ಸಂಗತಿ: ಇಲ್ಲಿ ನೀರನ್ನು ಕೊಳವೆಯಲ್ಲಿ ತಂದು ಸುರಿಯುವುದಲ್ಲ. ಕೊಳದ ತಳದ ಜಲ್ಲಿಯಿಂದಲೇ ಉಕ್ಕುತ್ತದೆ. ಕೂತಲ್ಲಿ ಗುಳ್ಳೆಗಳು ತೊಡೆಗೆ ಕಚಗುಳಿಯಿಡುತ್ತವೆ.

ಈಗ ನಮ್ಮವರು ಬಹುಪಾಲು ಎಡವುವ ಜಾಗಕ್ಕೆ ಬಂದೆವು. ಇಲ್ಲಿ ನೀವು ಕೋಣೆಯನ್ನು ಬಾಡಿಗೆಗೆ ಹಿಡಿಯುವುದಿಲ್ಲ. ಒಂದು ಸಂಜೆಯನ್ನೂ ಒಂದು ಬೆಳಗನ್ನೂ ಕೊಳ್ಳುತ್ತೀರಿ. ಅದಕ್ಕೇ ದರವನ್ನು ಕೋಣೆಗಲ್ಲ, ತಲೆಗೆ ಇಷ್ಟು ಎಂದು ಹೇಳುತ್ತಾರೆ. ಅದರಲ್ಲಿ ರಾತ್ರಿಯೂಟ, ಬೆಳಗಿನ ಉಪಾಹಾರ, ಎಷ್ಟು ಸಲ ಬೇಕಾದರೂ ಸ್ನಾನ, ಉಡಲು ಯುಕಾತಾ ಎಂಬ ಹತ್ತಿಯ ನಿಲುವಂಗಿ ಎಲ್ಲವೂ ಸೇರಿದೆ. ‘ಒಂದು ಕೋಣೆಯಲ್ಲಿ ನಾಲ್ಕು ಜನ ಅಡ್ಜಸ್ಟ್ ಮಾಡ್ಕೋತೀವಿ’ ಎಂದರೆ ತಲೆಗೆ ಬೀಳುವ ದರ ಸ್ವಲ್ಪ ಇಳಿಯಬಹುದು, ಕಾಲುಭಾಗವಾಗುವುದಿಲ್ಲ. ಲಾಡ್ಜು ಎಂದುಕೊಳ್ಳಬೇಡಿ, ನೆಂಟರ ಮನೆ ಎಂದುಕೊಳ್ಳಿ. ಎಲೆ ಹಾಕುವ ಹೊತ್ತು ನೆಂಟರ ಮನೆಯವರದು, ನಮ್ಮದಲ್ಲ.

ಹೊತ್ತಿನ ವಿಷಯ ನಿಜಕ್ಕೂ ಮುಖ್ಯ. ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಒಳಗೆ ಬಿಡುತ್ತಾರೆ. ಊಟ ಸಂಜೆ 6ರ ಸುಮಾರಿಗೆ. ಬೆಳಿಗ್ಗೆ 10ಕ್ಕೆ ಕೋಣೆ ಬಿಡಬೇಕು. ರಾತ್ರಿ 8ಕ್ಕೆ ಬಂದಿಳಿದು ‘ಏನಾದರೂ ಬಿಸಿ ಮಾಡಿ ಕೊಡ್ತೀರಾ’ ಎಂದರೆ ಕೊಡುವವರಿಲ್ಲ. ಹತ್ತಿರದಲ್ಲಿ ಹೋಟೆಲೂ ಇಲ್ಲ, ಅಂಗಡಿಯೂ ಇಲ್ಲ. ನಾನೇ ಒಮ್ಮೆ ಬೇರೊಂದು ಬೆಟ್ಟದೂರಿನಲ್ಲಿ ಬಸ್ಸು ತಪ್ಪಿಸಿಕೊಂಡು ಬಿಸ್ಕತ್ತು ತಿಂದು ಮಲಗಿದವನು.

ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಹೇಳಿಕೊಡಬೇಕಾದ್ದಲ್ಲ. ಆದರೆ ಒಳಗೆ ಕೊಟ್ಟ ಸ್ಲಿಪ್ಪರನ್ನು ತತಾಮಿಯ ಮೇಲೆ ಮೆಟ್ಟಬಾರದು. ಶೌಚಾಲಯದ ಸ್ಲಿಪ್ಪರು ಬೇರೆ, ಅದು ಅಲ್ಲೇ ಉಳಿಯಬೇಕು. ಯುಕಾತಾ ಉಡುವಾಗ ಎಡಗಡೆಯ ಸೆರಗು ಮೇಲೆ ಬರಲಿ. ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ. ಯಾರೂ ಬೈಯುವುದಿಲ್ಲ, ಒಬ್ಬ ಅಜ್ಜಿ ಬಂದು ಸರಿಮಾಡಿ ಹೋಗುತ್ತಾಳೆ.

ಸ್ನಾನಕ್ಕೆ ಬರೋಣ. ನಮ್ಮ ಬಚ್ಚಲಲ್ಲಿ ಹಂಡೆಯ ನೀರು ಮೈ ತೊಳೆಯಲು. ಇಲ್ಲಿ ಕೊಳದ ನೀರು ತೊಳೆಯಲು ಅಲ್ಲ, ನೆನೆಯಲು. ಈ ಒಂದು ವ್ಯತ್ಯಾಸ ಹಿಡಿದರೆ ನಿಯಮವೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹತ್ತಾರು ಜನ ಒಂದೇ ನೀರಲ್ಲಿ ಕೂರುವುದರಿಂದ ಇಳಿಯುವ ಮೊದಲೇ ಮೈ ಶುಚಿಯಾಗಿರಬೇಕು. ಬಟ್ಟೆಯ ಎಳೆ, ಸೋಪಿನ ನೊರೆ, ತಲೆಗೂದಲು ನೀರಿಗೆ ಬೀಳಬಾರದು. ಬಟ್ಟೆ ಬಿಚ್ಚುವುದು ಅದಕ್ಕೇ.

ಒಂದೊಂದಾಗಿ ಹೇಳುತ್ತೇನೆ. ಗಂಡಸರ ಸ್ನಾನದ ಮನೆ ಬೇರೆ, ಹೆಂಗಸರದು ಬೇರೆ. ಬಾಗಿಲಿಗೆ ಬಟ್ಟೆಯ ಪರದೆ ಇಳಿಬಿಟ್ಟಿರುತ್ತಾರೆ, ಸಾಮಾನ್ಯವಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಒಳಗೆ ಬುಟ್ಟಿಯಲ್ಲಿ ಬಟ್ಟೆ ಬಿಡಿ. ಕೈಯಲ್ಲಿ ಒಂದು ಸಣ್ಣ ಟವೆಲು ಮಾತ್ರ. ಒಳಗಿನ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಿ. ಹಳೆಯ ಮನೆಗಳಲ್ಲಿ ನಲ್ಲಿ ಇರದ ಕೊಳಗಳೂ ಇವೆ. ಅಲ್ಲಿ ಕೊಳದ ನೀರನ್ನೇ ಬೋಗುಣಿಯಲ್ಲಿ ಮೊಗೆದು ಹತ್ತಾರು ಸಲ ಮೈಮೇಲೆ ಹಾಕಿಕೊಳ್ಳಬೇಕು. ಇದಕ್ಕೆ ಕಾಕೆಯು ಎನ್ನುತ್ತಾರೆ. ಕಾಲಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ, ಮೈ ಬಿಸಿಗೆ ಹೊಂದಿಕೊಳ್ಳುತ್ತದೆ. ಉದ್ದ ಕೂದಲಿದ್ದರೆ ಗಂಟು ಕಟ್ಟಿ. ಟವೆಲನ್ನು ನೀರಿಗೆ ಅದ್ದಬೇಡಿ, ಮಡಚಿ ನೆತ್ತಿಯ ಮೇಲೆ ಇಡಿ. ನೀರು 40ರಿಂದ 44 ಡಿಗ್ರಿ ಇರಬಹುದು. ಮೊದಲ ಸಲ ಐದೇ ನಿಮಿಷ ಸಾಕು. ಹೊರಬಂದು ನೀರು ಕುಡಿದು ಮತ್ತೆ ಇಳಿಯಿರಿ. ಫೋನು, ಕ್ಯಾಮೆರಾ ಒಳಗೆ ತರುವುದೇ ಬೇಡ.

‘ನಾಚಿಕೆ?’ ಎಂದು ಕೇಳುತ್ತೀರಿ. ಮೊದಲ ಎರಡು ನಿಮಿಷ ಇರುತ್ತದೆ. ಆಮೇಲೆ ನಿಮ್ಮನ್ನು ಯಾರೂ ನೋಡುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ತ್ಸುರುನೊಯುವಿನ ಹಾಲುಬಣ್ಣದ ದೊಡ್ಡ ಕೊಳ ಮಾತ್ರ ಕೊನ್‌ಯೊಕು, ಅಂದರೆ ಗಂಡಸರು ಹೆಂಗಸರು ಒಟ್ಟಿಗೆ ಇಳಿಯುವಂಥದ್ದು. ನೀರಿನ ಬಿಳುಪಿನಲ್ಲಿ ಕತ್ತಿನ ಕೆಳಗೆ ಏನೂ ಕಾಣುವುದಿಲ್ಲ. ಬೇಡವೆನ್ನುವ ಹೆಂಗಸರಿಗೆ ಪ್ರತ್ಯೇಕ ಹೊರಾಂಗಣ ಕೊಳವೂ ಇದೆ. ಯಾರೊಂದಿಗೂ ಆಗುವುದೇ ಇಲ್ಲ ಎನ್ನುವವರು ಕಾಶಿಕಿರಿ ಕೇಳಿ: ನಿಮ್ಮ ಕುಟುಂಬಕ್ಕಷ್ಟೇ ಬಾಗಿಲು ಹಾಕಿಕೊಳ್ಳುವ ಸ್ನಾನದ ಮನೆ. ತ್ಸುರುನೊಯುವಿನದೇ ಶಾಖೆ ಯಾಮಾನೊಯಾದೊದಲ್ಲಿ ಅದು ಸಿಗುತ್ತದೆ. ಮುಟ್ಟಿನ ದಿನಗಳಲ್ಲಿ ಇಳಿಯದಿರುವುದು ರೂಢಿ. ಹಚ್ಚೆ ಇದ್ದವರು ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಬಿಡುವುದಿಲ್ಲ.

ಒಡವೆಯ ಮಾತು ನಮ್ಮವರಿಗೆಂದೇ ಹೇಳಬೇಕು. ಗಂಧಕದ ನೀರಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿ, ತಾಮ್ರ ಬೆರೆತ ಚಿನ್ನವೂ ಮಂಕಾಗಬಹುದು. ನಮ್ಮ ಮನೆಯಾಕೆ ಕಾಲುಂಗುರ ತೆಗೆಯಲು ಒಪ್ಪಲಿಲ್ಲ. ಹೊರಬಂದಾಗ ಅದು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಊರಿಗೆ ಬಂದಮೇಲೆ ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು, ಅಡುಗೆ ಸೋಡ ಹಾಕಿದ ಕುದಿನೀರು ಸುರಿದೆವು. ಹೊಳಪು ಮರಳಿತು. ತೆಗೆದಿಡಬಹುದಾದ್ದನ್ನು ಕೋಣೆಯಲ್ಲೇ ಬಿಡುವುದು ಒಳ್ಳೆಯದು.

ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಿ. ಚಳಿಗಾಲದಲ್ಲಿ ತಣ್ಣನೆಯ ಕೋಣೆಯಿಂದ ಸುಡುವ ನೀರಿಗೆ ಥಟ್ಟನೆ ಇಳಿದರೆ ರಕ್ತದೊತ್ತಡ ಏರುಪೇರಾಗುತ್ತದೆ. ಕುಡಿದು ಇಳಿಯುವುದು, ಹೊಟ್ಟೆ ಬಿರಿಯ ಉಂಡು ಇಳಿಯುವುದು ಎರಡೂ ಬೇಡ.

ಊಟವೇ ಈ ಮನೆಗಳ ಅರ್ಧ ಜೀವ. ಕ್ಯೋಟೊದ ದೊಡ್ಡ ರಿಯೊಕಾನ್‌ಗಳ ಅಲಂಕಾರದ ಊಟ ಇಲ್ಲಿಲ್ಲ. ಬೆಟ್ಟದಲ್ಲಿ ಬೆಳೆದದ್ದು, ತೊರೆಯಲ್ಲಿ ಹಿಡಿದದ್ದು, ಚಳಿಗಾಲಕ್ಕೆ ಕೂಡಿಟ್ಟದ್ದು ಬಡಿಸುತ್ತಾರೆ. ಹೊಂಜಿನ್ ಕೋಣೆಯ ನಡುವೆ ಇರೊರಿ ಇದೆ; ನೆಲದಲ್ಲಿ ಚೌಕ ತೋಡಿ ಬೂದಿ ತುಂಬಿ ಮಾಡಿದ ಇದ್ದಿಲೊಲೆ. ಇವಾನಾ ಎಂಬ ತೊರೆಮೀನಿಗೆ ಉಪ್ಪು ಸವರಿ, ಕಡ್ಡಿಗೆ ಚುಚ್ಚಿ, ಒಲೆಯ ಸುತ್ತ ಬೂದಿಯಲ್ಲಿ ನಿಲ್ಲಿಸುತ್ತಾರೆ. ಮೇಲಿಂದ ತೂಗುವ ಕೊಕ್ಕೆಗೆ ಕಬ್ಬಿಣದ ಪಾತ್ರೆ. ಅದರಲ್ಲಿ ಯಾಮಾನೊಇಮೊ ನಾಬೆ: ಕಾಡುಗೆಣಸನ್ನು ತುರಿದು ಉಂಡೆ ಕಟ್ಟಿ, ಅಣಬೆ, ಸೊಪ್ಪು, ಹಂದಿಮಾಂಸದ ಜೊತೆ ಮಿಸೊ ಸಾರಿನಲ್ಲಿ ಕುದಿಸಿದ್ದು. ಮಿಸೊ ಎಂದರೆ ಹುಳಿಬರಿಸಿದ ಸೋಯಾ ಅವರೆಯ ಹಿಟ್ಟು. ಉಂಡೆ ಬಾಯಲ್ಲಿ ಮೆತ್ತಗೆ, ಸ್ವಲ್ಪ ಲೋಳೆಯಾಗಿ ಜಾರುತ್ತದೆ. ನನಗಂತೂ ತ್ಸುರುನೊಯುವಿನಲ್ಲಿ ಕೊಳಕ್ಕಿಂತ ಹೆಚ್ಚು ನೆನಪಿರುವುದು ಈ ಪಾತ್ರೆ.

ಅಕಿತಾದ ಇನ್ನೆರಡು ಪದಾರ್ಥಗಳನ್ನು ಬಿಡಬೇಡಿ. ಒಂದು ಕಿರಿತಾಂಪೊ. ಅನ್ನವನ್ನು ಅರೆಬರೆ ಜಜ್ಜಿ ದೇವದಾರಿನ ಕಡ್ಡಿಗೆ ಮೆತ್ತಿ ಸುಟ್ಟು, ಕೋಳಿಯ ಸಾರಿಗೆ ಹಾಕುವಂಥದ್ದು. ಇನ್ನೊಂದು ಇಬುರಿಗಾಕ್ಕೊ, ಹೊಗೆ ಹಿಡಿಸಿದ ಮೂಲಂಗಿಯ ಉಪ್ಪಿನಕಾಯಿ. ಅಕಿತಾದಲ್ಲಿ ಹಿಮ ಬೇಗ ಬೀಳುತ್ತದೆ, ಮೂಲಂಗಿ ಒಣಗಿಸಲು ಬಿಸಿಲಿಲ್ಲ. ಹಾಗಾಗಿ ಒಲೆಯ ಮೇಲೆ ತೂಗುಹಾಕಿ ಹೊಗೆಯಲ್ಲಿ ಒಣಗಿಸಿ, ಆಮೇಲೆ ಅಕ್ಕಿಯ ತೌಡಿನಲ್ಲಿ ಹುದುಗಿಸಿಟ್ಟರು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ವಸ್ತು ಒಣಗಿಸುವ ಮಲೆನಾಡಿನವರಿಗೆ ಈ ಉಪಾಯ ಬಿಡಿಸಿ ಹೇಳಬೇಕಿಲ್ಲ. 2019ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು. ವಸಂತದಲ್ಲಿ ಹೋದರೆ ಸಾನ್‌ಸಾಯ್ ಸಿಗುತ್ತದೆ, ಅಂದರೆ ಬೆಟ್ಟದ ಸೊಪ್ಪುಗಳು. ಅದರಲ್ಲಿ ಸುರುಳಿ ಬಿಚ್ಚದ ಜರಿಗಿಡದ ಕುಡಿಯೂ ಇರುತ್ತದೆ. ಎಳೆಬಿದಿರನ್ನೂ ಸುಟ್ಟು ಕೊಡುತ್ತಾರೆ. ಕೊಡಗಿನ ತೇರ್ಮೆ ಸೊಪ್ಪು, ಕಳಲೆ ತಿಂದು ಬೆಳೆದವರು ಅಲ್ಲಿ ಸುಮ್ಮನೆ ನಗುತ್ತಾರೆ.

ಬೆಳಗಿನ ತಟ್ಟೆಯಲ್ಲಿ ಅನ್ನ, ಮಿಸೊ ಸಾರು, ಮೀನು, ಉಪ್ಪಿನಕಾಯಿ. ಕೆಲವೊಮ್ಮೆ ಒನ್‌ಸೆನ್ ತಮಾಗೊ, ಬಿಸಿಬುಗ್ಗೆಯಲ್ಲಿ ಬೇಯಿಸಿದ ಮೊಟ್ಟೆ. ಹಳದಿ ಗಟ್ಟಿ, ಬಿಳಿ ಇನ್ನೂ ನೀರುನೀರು. ಹಳದಿ ಸುಮಾರು 65ರಿಂದ 70 ಡಿಗ್ರಿಗೇ ಗಟ್ಟಿಯಾಗುತ್ತದೆ, ಬಿಳಿಗೆ ಇನ್ನೂ ಹೆಚ್ಚು ಬಿಸಿ ಬೇಕು, ಕಾರಣ ಅಷ್ಟೆ.

ಸಸ್ಯಾಹಾರಿಗಳಿಗೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ಇಲ್ಲಿ ಕಷ್ಟ. ತಟ್ಟೆಯಲ್ಲಿ ಮೀನು ಕಾಣದಿದ್ದರೂ ಸಾರಿನಲ್ಲಿ ದಾಶಿ ಇರುತ್ತದೆ. ದಾಶಿ ಎಂದರೆ ಒಣಗಿಸಿದ ಮೀನಿನ ಚೂರು, ಕಡಲಸೊಪ್ಪು ಕುದಿಸಿ ತೆಗೆದ ತಿಳಿ. ಜಪಾನಿನ ಅಡುಗೆಯ ಬುನಾದಿಯೇ ಅದು. ಬೇಯಿಸಿದ ಸೊಪ್ಪಿನಲ್ಲೂ ಅದೇ. ‘ನಿಕು ಮೊ ಸಕಾನಾ ಮೊ ತಾಬೆಮಾಸೆನ್’ ಎಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದರ್ಥ. ಆದರೆ ಬಾಗಿಲಲ್ಲಿ ನಿಂತು ಇದನ್ನು ಹೇಳಿ ಪ್ರಯೋಜನವಿಲ್ಲ. ಕೋಣೆ ಕಾಯ್ದಿರಿಸುವಾಗಲೇ ಬರೆದು ತಿಳಿಸಿ, ದಾಶಿಯ ಮಾತನ್ನೂ ಸೇರಿಸಿ, ಉತ್ತರ ಬರುವತನಕ ದುಡ್ಡು ಕಟ್ಟಬೇಡಿ. ಆಗುವುದಿಲ್ಲ ಎಂದರೆ ಅವರು ನೇರವಾಗಿ ಹೇಳುತ್ತಾರೆ, ಅದೂ ಒಳ್ಳೆಯದೇ. ಸುದೊಮಾರಿ, ಅಂದರೆ ಊಟವಿಲ್ಲದ ತಂಗುವಿಕೆ, ಕೆಲವು ಮನೆಗಳಲ್ಲಿ ಸಿಗುತ್ತದೆ. ಆಗ ನಮ್ಮ ಅವಲಕ್ಕಿ, ಚಟ್ನಿಪುಡಿ ಕೈಹಿಡಿಯುತ್ತವೆ. ಮಾಂಸದ ಪದಾರ್ಥಗಳನ್ನು, ಪ್ರಮಾಣಪತ್ರವಿಲ್ಲದ ತಾಜಾ ಹಣ್ಣು ತರಕಾರಿಯನ್ನು ಜಪಾನಿನೊಳಗೆ ಬಿಡುವುದಿಲ್ಲ, ನೆನಪಿರಲಿ. ಪೂರ್ತಿ ಸಸ್ಯಾಹಾರವೇ ಬೇಕು ಎನ್ನುವವರಿಗೆ ನ್ಯೂತೊಗಿಂತ ವಾಕಾಯಾಮಾ ಪ್ರಾಂತ್ಯದ ಕೋಯಾಸಾನ್ ವಾಸಿ. ಅದು ಬೌದ್ಧ ಮಠಗಳ ಬೆಟ್ಟ. ಮಠದಲ್ಲೇ ತಂಗಿ ಶೋಜಿನ್ ರಿಯೊರಿ ಎಂಬ ಮಾಂಸ, ಮೀನಿಲ್ಲದ ಊಟ ಉಣ್ಣಬಹುದು. ಅಲ್ಲಿನ ಫುಕುಚಿ ಇನ್ ಮಠದಲ್ಲಿ ಒನ್‌ಸೆನ್ ಕೂಡ ಇದೆ.

ಖರ್ಚು. ನ್ಯೂತೊದ ಮನೆಗಳಲ್ಲಿ ಎರಡು ಊಟ ಸೇರಿ ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 12,000ದಿಂದ 25,000 ಯೆನ್. ಕೋಣೆ, ಋತು ನೋಡಿ ಏರಿಳಿಯುತ್ತದೆ. 100 ಯೆನ್‌ಗೆ 55ರಿಂದ 60 ರೂಪಾಯಿ ಎಂದು ಅಂದಾಜು ಹಾಕಿ, ಹೊರಡುವಾಗ ದರ ನೋಡಿಕೊಳ್ಳಿ. ಇದರ ಮೇಲೆ ಸ್ನಾನದ ತೆರಿಗೆ, ಸಾಮಾನ್ಯವಾಗಿ ತಲೆಗೆ 150 ಯೆನ್. ತಮಾಷೆಯೆಂದರೆ ಜಪಾನಿಯಲ್ಲಿ ಈ ತೆರಿಗೆಯ ಹೆಸರಿನಲ್ಲಿರುವ ಸ್ನಾನದ ಪದದ ಉಚ್ಚಾರವೂ ‘ನ್ಯೂತೊ’, ಬರೆಯುವ ಅಕ್ಷರ ಬೇರೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ನೋಟು ಕೈಯಲ್ಲಿರಲಿ, ಬೆಟ್ಟದಲ್ಲಿ ಕಾರ್ಡನ್ನು ನಂಬಬೇಡಿ. ಸೆವೆನ್ ಇಲೆವೆನ್ ಅಂಗಡಿಗಳ ಮತ್ತು ಅಂಚೆ ಕಚೇರಿಗಳ ಎಟಿಎಂಗಳಲ್ಲಿ ನಮ್ಮ ಅಂತರರಾಷ್ಟ್ರೀಯ ಕಾರ್ಡು ನಡೆಯುತ್ತದೆ. ಟೋಕಿಯೊ ಬಿಡುವ ಮೊದಲೇ ನೋಟು ತೆಗೆದುಕೊಳ್ಳಿ.

ತಂಗುವಷ್ಟು ದುಡ್ಡಿಲ್ಲ, ಅಥವಾ ಕೋಣೆ ಸಿಗಲಿಲ್ಲ ಎನ್ನುವವರು ಹಗಲು ಹೋಗಿ ಬರೀ ಸ್ನಾನ ಮಾಡಿ ಬರಬಹುದು. ಒಂದು ಮನೆಗೆ ಸುಮಾರು 700ರಿಂದ 1,000 ಯೆನ್. ರಾತ್ರಿ ತಂಗಿದವರಿಗೆ ಮಾತ್ರ ಯುಮೆಗುರಿ ಚೀಟಿ ಸಿಗುತ್ತದೆ. ಅದಿದ್ದರೆ ಏಳೂ ಮನೆಗಳ ಕೊಳಗಳಲ್ಲಿ ಒಂದೊಂದು ಸಲ ಇಳಿಯಬಹುದು, ಒಂದು ವರ್ಷ ನಡೆಯುತ್ತದೆ. ಒಂದೇ ದಿನ ಏಳನ್ನೂ ಮುಗಿಸಲು ಹೋಗಬೇಡಿ. ಮೂರಕ್ಕೇ ಕಾಲು ಸೋಲುತ್ತದೆ.

ಕೋಣೆ ಕಾಯ್ದಿರಿಸುವುದು ಹೇಗೆ? ರಾಕುಟೆನ್ ಟ್ರಾವೆಲ್, ಜಾಲಾನ್, ಜಪಾನೀಸ್ ಗೆಸ್ಟ್ ಹೌಸಸ್‌ನಂಥ ತಾಣಗಳಲ್ಲಿ ಕೆಲವು ಮನೆಗಳು ಸಿಗುತ್ತವೆ. ಹಳೆಯ ಮನೆಗಳು ಫೋನನ್ನೇ ನಂಬಿವೆ. ಆಗ ಟೋಕಿಯೊದಲ್ಲಿ ನೀವು ಇಳಿದ ಹೋಟೆಲಿನವರಿಂದಲೋ, ಜಪಾನಿನಲ್ಲಿರುವ ಗೆಳೆಯರಿಂದಲೋ ಫೋನು ಮಾಡಿಸಿ. ತ್ಸುರುನೊಯುವಿನ ಹೊಂಜಿನ್ ಕೋಣೆಗಳು ತಿಂಗಳುಗಳ ಮೊದಲೇ ತುಂಬುತ್ತವೆ. ವಾರದ ನಡುವಿನ ದಿನ ಕೇಳಿ ನೋಡಿ. ಬರುವುದಿಲ್ಲವಾದರೆ ಖಂಡಿತ ತಿಳಿಸಿ. ನಿಮ್ಮ ಲೆಕ್ಕದಲ್ಲಿ ಮೀನು ತಂದಿಟ್ಟಿರುತ್ತಾರೆ, ಹಾಗಾಗಿ ರದ್ದತಿಯ ಶುಲ್ಕವೂ ಇದೆ.

ದಾರಿ ಸುಲಭ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ವೀಸಾ ಬೇಕೇ ಬೇಕು. ಪ್ರವಾಸಿಗರಿಗೆ ಈಗ ಇ-ವೀಸಾ ಬಂದಿದೆ, ಅರ್ಜಿ ಮಾತ್ರ ವೀಸಾ ಕೇಂದ್ರದ ಮೂಲಕ. ಟೋಕಿಯೊದಿಂದ ಅಕಿತಾ ಶಿಂಕಾನ್‌ಸೆನ್ ಮಾರ್ಗದ ಬುಲೆಟ್ ಟ್ರೈನು, ಹೆಸರು ಕೊಮಾಚಿ, ಬಣ್ಣ ಕೆಂಪು. ಇಳಿಯಬೇಕಾದ್ದು ತಾಜಾವಾಕೊ ನಿಲ್ದಾಣ, ಮೂರು ಗಂಟೆಯೊಳಗೆ. ಒಂದು ದಾರಿಗೆ ಸುಮಾರು 17,000 ಯೆನ್. ಹೋಗಿಬರುವ ಲೆಕ್ಕ ಹಾಕಿ ಜೆಆರ್ ಈಸ್ಟ್ ರೈಲ್ವೆಯ ಪಾಸಿನ ದರದೊಂದಿಗೆ ಹೋಲಿಸಿ ನೋಡಿ. ಎಲ್ಲವೂ ಕಾಯ್ದಿರಿಸಿದ ಸೀಟುಗಳೇ. ಕೊಮಾಚಿಯನ್ನು ಹಸಿರು ಬಣ್ಣದ ಹಾಯಾಬುಸಾ ರೈಲಿಗೆ ಜೋಡಿಸಿ ಓಡಿಸುತ್ತಾರೆ, ಮೊರಿಯೊಕಾದಲ್ಲಿ ಎರಡೂ ಬೇರೆಯಾಗುತ್ತವೆ. ತಪ್ಪಿ ಹಸಿರಿನಲ್ಲಿ ಕೂತಿರಾದರೆ ಅಕಿತಾ ಬದಲು ಅಓಮೊರಿಯ ಕಡೆ ಹೋಗುತ್ತೀರಿ.

ತಾಜಾವಾಕೊ ನಿಲ್ದಾಣದ ಮುಂದಿನಿಂದ ಉಗೊ ಕೋತ್ಸು ಬಸ್ಸು. ಅದು 423 ಮೀಟರ್ ಆಳದ, ಜಪಾನಿನಲ್ಲೇ ಅತಿ ಆಳವಾದ ತಾಜಾವಾ ಕೆರೆಯ ಬಳಿ ಹಾದು ಬೆಟ್ಟ ಏರುತ್ತದೆ. ಕೊನೆಯ ನಿಲ್ದಾಣಕ್ಕೆ ಮುಕ್ಕಾಲು ಗಂಟೆಯ ಮೇಲೆ. ತ್ಸುರುನೊಯುವಿಗೆ ಹೋಗುವವರು ಅರುಪಾ ಕೊಮಾಕುಸಾದಲ್ಲಿ ಇಳಿಯಬೇಕು. ಮೊದಲೇ ಹೇಳಿಟ್ಟರೆ ಮನೆಯವರ ವ್ಯಾನು ಅಲ್ಲಿಗೆ ಬರುತ್ತದೆ. ದೊಡ್ಡ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗಬೇಡಿ. ತಾಕುಹೈಬಿನ್ ಎಂಬ ಸಾಮಾನು ಸಾಗಿಸುವ ಸೇವೆಯಿದೆ, ಟೋಕಿಯೊದಿಂದಲೇ ನಿಮ್ಮ ಮುಂದಿನ ಹೋಟೆಲಿಗೆ ಕಳಿಸಿ, ಹೆಗಲಿಗೆ ಒಂದು ಚೀಲ ಸಾಕು.

ಯಾವಾಗ ಹೋಗಬೇಕು? ಎಲೆ ಕೆಂಪಾಗುವ ಅಕ್ಟೋಬರ್ ಚೆಂದ, ಜನವೂ ಜಾಸ್ತಿ. ನನ್ನ ಮತ ಫೆಬ್ರವರಿಗೆ: ಸುತ್ತ ಆಳೆತ್ತರದ ಹಿಮ, ನಡುವೆ ಹಬೆಯೇಳುವ ಬಿಳಿ ನೀರು, ತಲೆಯ ಮೇಲೆ ಬೀಳುವ ಹಿಮ. ಕುರೊಯು ಮಾತ್ರ ನವೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಮುಚ್ಚಿರುತ್ತದೆ. ಯಾವ ಋತುವಿನಲ್ಲಿ ಹೋದರೂ ಒಂದು ಎಚ್ಚರ: ಬುಗ್ಗೆಯ ಬಾಯಿಯ ಸುತ್ತ ಹಗ್ಗ ಕಟ್ಟಿದ್ದರೆ ದಾಟಬೇಡಿ. 2015ರ ಮಾರ್ಚ್‌ನಲ್ಲಿ ನ್ಯೂತೊದಲ್ಲೇ ಬುಗ್ಗೆಯ ಕೆಲಸಕ್ಕೆ ಹೋದ ಮೂವರು ಹೈಡ್ರೋಜನ್ ಸಲ್ಫೈಡ್ ಉಸಿರಾಡಿ ಸತ್ತರು. ಆ ಅನಿಲ ಗಾಳಿಗಿಂತ ಭಾರ. ಹಿಮದ ಹಳ್ಳಗಳಲ್ಲಿ ನಿಲ್ಲುತ್ತದೆ. ಹೆಚ್ಚು ಪ್ರಮಾಣದಲ್ಲಿದ್ದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಹಿಮವಿಲ್ಲದ ತಿಂಗಳುಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಕಾಡುದಾರಿಯಲ್ಲಿ ನಡೆಯುವವರು ಗಂಟೆ ಕಟ್ಟಿಕೊಳ್ಳಿ. ಅಕಿತಾದಲ್ಲಿ ಕರಡಿಗಳಿವೆ. 2025ರ ಶರತ್ಕಾಲದಲ್ಲಿ ಅವುಗಳ ದಾಳಿ ಹೆಚ್ಚಿ ಪ್ರಾಂತ್ಯದವರು ಸೇನೆಯ ನೆರವು ಕೇಳಬೇಕಾಯಿತು. ಕಾಡುದಾರಿ ತೆರೆದಿದೆಯೇ ಎಂದು ಮನೆಯವರನ್ನು ಕೇಳಿಯೇ ಹೊರಡಿ.

ಬೆಳಿಗ್ಗೆ 10ಕ್ಕೆ ಕೋಣೆ ಬಿಡಬೇಕಲ್ಲ, ಉಪಾಹಾರಕ್ಕೆ ಮೊದಲು ಇನ್ನೊಂದು ಸಲ ಕೊಳಕ್ಕೆ ಹೋಗಿಬನ್ನಿ. ಆ ಹೊತ್ತಿಗೆ ಹಗಲಿನ ಜನ ಇನ್ನೂ ಬಂದಿರುವುದಿಲ್ಲ. ನಿಲ್ದಾಣಕ್ಕೆ ಹೋಗುವ ಬಸ್ಸಿಗೆ ವ್ಯಾನು ಬೇಕೆಂಬುದನ್ನು ಹಿಂದಿನ ರಾತ್ರಿಯೇ ಹೇಳಿಡಿ.